ಹಾಸಿಗೆ ಎಣಿಸೋದಾ, ಜನರನ್ನ ಎಣಿಸೋದಾ? ವ್ಯಸನ ಚಿಕಿತ್ಸೆಯ ಮೂರು ವರ್ಷದ ಯೋಜನೆಗೆ ಸಲಹೆ ಬೇಕು

ಕಡತ_ಕೋಣೆ:
ಎಲ್ಲರಿಗೂ ನಮಸ್ಕಾರ. ಮದ್ಯ ಮತ್ತು ಮಾದಕ ವಸ್ತು ವ್ಯಸನದ ಚಿಕಿತ್ಸಾ ಕೇಂದ್ರವೊಂದರಲ್ಲಿ ದಾಖಲೆ ನೋಡ್ಕೊಳ್ಳೋ ಕೆಲಸ ನನ್ನದು. ಮುಂದಿನ ಮೂರು ವರ್ಷಕ್ಕೆ ಎಷ್ಟು ಹಾಸಿಗೆ ಬೇಕು, ಎಷ್ಟು ಸಿಬ್ಬಂದಿ ಬೇಕು ಅಂತ ಬರೆದುಕೊಡಿ ಅಂದಿದ್ದಾರೆ. ಮೇಲಿನವರ ಮನಸ್ಸು ಹಾಸಿಗೆ ಹೆಚ್ಚಿಸೋ ಕಡೆಗೇ ಇದೆ. ಕಾಯುವವರ ಪಟ್ಟಿ ಉದ್ದ ಇದೆಯಲ್ಲ, ಅದೇ ಕಾರಣ.

ನನಗೆ ಸಮಾಧಾನ ಇಲ್ಲ. ನಮ್ಮ ಹತ್ತಿರ ಇರೋದು ದಾಖಲಾತಿ ರಿಜಿಸ್ಟರ್ ಒಂದೇ. ಹೆಸರು, ವಯಸ್ಸು, ಯಾವ ವಸ್ತು, ಬಂದ ದಿನ, ಹೋದ ದಿನ, ಕೊನೆಗೆ 'ಬಿಟ್ಟುಹೋದ ಕಾರಣ' ಅಂತ ಒಂದು ಕಾಲಂ. ಆ ಕಾಲಂ ತೆಗೆದು ನೋಡಿದ್ರೆ ಪುಟದಿಂದ ಪುಟಕ್ಕೆ 'ಇತರೆ, ಇತರೆ, ಇತರೆ'. ಇದನ್ನ ಇಟ್ಕೊಂಡು ಏನಂತ ಯೋಜನೆ ಬರೆಯೋದು? ಈ ಕೆಲಸ ಮಾಡಿದವರು ಯಾರಾದ್ರೂ ಇದ್ರೆ ಹೇಳಿ. ಯಾವ ಮಾಹಿತಿ ನಿಜಕ್ಕೂ ಬೇಕು, ಯಾವುದು ಬರೀ ಹೊರೆ?

ರಾತ್ರಿಪಾಳಿ:
ಮೊದಲು ಒಂದು ಕೆಲಸ ಮಾಡಿ. ರಿಜಿಸ್ಟರಲ್ಲಿ ಒಂದೇ ಮನುಷ್ಯ ಎಷ್ಟು ಸಲ ಬಂದಿದ್ದಾನೆ ಅಂತ ಹುಡುಕಿ. ನಾನು ವಾರ್ಡ್ ನರ್ಸ್. ಒಬ್ಬರೇ ಒಂದು ಸಲ ಅಪ್ಪನ ಹೆಸರು ಮುಂದಿಟ್ಟು, ಇನ್ನೊಂದು ಸಲ ಬರೀ ಇನಿಷಿಯಲ್ ಹಾಕಿ, ಮತ್ತೊಂದು ಸಲ ವಯಸ್ಸು ಮೂರು ವರ್ಷ ಕಡಿಮೆ ಮಾಡಿ ಬರೆಸಿರ್ತಾರೆ. ಪುಸ್ತಕದಲ್ಲಿ ಮೂವರು, ಮಂಚದ ಮೇಲೆ ಮಲಗಿದ್ದು ಒಬ್ಬರೇ.

ಅಂಕಿಅಂಶ_ಪ್ರಿಯ:
ರಾತ್ರಿಪಾಳಿಯವರು ಸರಿಯಾದ ಜಾಗಕ್ಕೇ ಕೈ ಹಾಕಿದ್ರು. ದಾಖಲಾತಿ ಬೇರೆ, ವ್ಯಕ್ತಿ ಬೇರೆ. ಯೂರೋಪಿನ ದೇಶಗಳು ಚಿಕಿತ್ಸಾ ಬೇಡಿಕೆಯ ಸೂಚ್ಯಂಕ ಅಂತ ಒಂದು ಪದ್ಧತಿ ಇಟ್ಕೊಂಡಿವೆ. ಅದರಲ್ಲಿ ಮುಖ್ಯವಾದದ್ದು ಎರಡು. ಒಂದು ವರ್ಷದಲ್ಲಿ ಒಬ್ಬರನ್ನ ಒಂದೇ ಸಲ ಎಣಿಸಬೇಕು. ಜೀವನದಲ್ಲೇ ಮೊದಲ ಸಲ ಚಿಕಿತ್ಸೆಗೆ ಬಂದವರನ್ನ, ಹಿಂದೆ ಎಲ್ಲಾದ್ರೂ ಚಿಕಿತ್ಸೆ ಪಡೆದವರನ್ನ ಬೇರೆ ಬೇರೆ ತೋರಿಸಬೇಕು.

ಇದು ಯಾಕೆ ಬೇಕು ಅಂದ್ರೆ, ಮೊದಲ ಸಲ ಬರುವವರು ಏರ್ತಾ ಇದ್ರೆ ಊರಲ್ಲಿ ಸಮಸ್ಯೆ ಬೆಳೀತಿದೆ, ಅಥವಾ ನಿಮ್ಮ ಬಾಗಿಲು ಈಗ ಜನಕ್ಕೆ ಕಾಣ್ತಿದೆ ಅಂತ ಅರ್ಥ. ಹಳಬರೇ ಮತ್ತೆ ಮತ್ತೆ ಬರ್ತಿದ್ರೆ, ಇಲ್ಲಿಂದ ಹೋದಮೇಲೆ ಅವರಿಗೆ ಏನೂ ಸಿಗ್ತಿಲ್ಲ. ಎರಡಕ್ಕೂ ಮದ್ದು ಬೇರೆ.

ತಂಗಿಯ_ಅಣ್ಣ:
ಎಣಿಕೆ ಮಾಡ್ತಾ ಕೂತ್ಕೊಳ್ಳಿ. ಹಾಸಿಗೆ ಇಲ್ಲ ಅಂತ ನನ್ನ ತಂಗಿಯನ್ನ ವಾಪಸ್ ಕಳಿಸಿದ ದಿನ ಇದ್ಯಾವುದೂ ನಮಗೆ ಬೇಕಿರಲಿಲ್ಲ. ಹಾಸಿಗೆ ಬೇಕೇ ಬೇಕು.

ಅಂಕಿಅಂಶ_ಪ್ರಿಯ:
ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಆ ದಿನ ಹಾಸಿಗೆ ಯಾಕೆ ಖಾಲಿ ಇರಲಿಲ್ಲ ಅನ್ನೋದು ಎಣಿಕೆ ಮಾಡಿದ್ರೇ ಗೊತ್ತಾಗೋದು. ಒಂದು ಉದಾಹರಣೆ ಹಾಕ್ತೀನಿ, ಅಂಕಿ ನಾನೇ ಇಟ್ಕೊಂಡದ್ದು.

ವಾರಕ್ಕೆ 6 ಜನ ದಾಖಲಾಗ್ತಾರೆ, ಎಲ್ಲರನ್ನೂ ನಿಯಮದ ಪ್ರಕಾರ 3 ವಾರ ಇಟ್ಕೋತೀರಿ ಅಂತಿಟ್ಕೊಳ್ಳಿ. ಯಾವಾಗ ನೋಡಿದ್ರೂ ಸರಾಸರಿ 18 ಜನ ಒಳಗೆ. ಹಾಸಿಗೆ 85 ಶೇಕಡಾ ತುಂಬಿರಬೇಕು, ಉಳಿದದ್ದು ತುರ್ತಿಗೆ ಅಂದ್ರೆ 21ರಿಂದ 22 ಹಾಸಿಗೆ ಬೇಕು. ಈಗ ಆ 6 ಜನರಲ್ಲಿ 4 ಜನಕ್ಕೆ ಹಿಂತೆಗೆತದ ಲಕ್ಷಣ, ಅಂದ್ರೆ ವಸ್ತು ನಿಲ್ಲಿಸಿದಾಗ ಮೈಗೆ ಆಗೋ ತೊಂದರೆ, ಇಳಿಸೋಕೆ 1 ವಾರ ಸಾಕು, ಆಮೇಲೆ ಹೊರರೋಗಿಯಾಗಿ ನೋಡಬಹುದು ಅಂತಾದ್ರೆ? 4 ಜನ 1 ವಾರ, 2 ಜನ 3 ವಾರ. ಸರಾಸರಿ 10 ಜನ ಒಳಗೆ, 12 ಹಾಸಿಗೆ ಸಾಕು. ಅಷ್ಟೇ ಜನ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹಾಸಿಗೆ. ನಿಮ್ಮ ತಂಗಿಗೆ ಆ ದಿನವೇ ಜಾಗ ಸಿಗೋ ಸಾಧ್ಯತೆ ಇತ್ತು.

ತಂಗಿಯ_ಅಣ್ಣ:
ಹಂಗಾದ್ರೆ ಎಲ್ಲರನ್ನೂ 3 ವಾರ ಇಟ್ಕೊಳ್ಳೋದು ಯಾಕೆ?

ಹಳೇ_ಕೌನ್ಸೆಲರ್:
ಬಹುತೇಕ ಕಡೆ ಅದು ಪ್ಯಾಕೇಜಿನ ಅವಧಿ, ರೋಗಿಯ ಅಗತ್ಯದ ಅವಧಿ ಅಲ್ಲ. ಒಬ್ಬರು ಹೇಗಿದ್ದಾರೆ ಅಂತ ನೋಡಿ ದಿನ ನಿರ್ಧರಿಸಬೇಕು. ಇಲ್ಲಿ ದಿನ ನಿರ್ಧಾರವಾದ ಮೇಲೆ ರೋಗಿ ಬರ್ತಾರೆ.

ವಾರ್ಡ್_ಡಾಕ್ಟರ್:
ಸ್ವಲ್ಪ ತಡೀರಿ, ಲೆಕ್ಕ ಚೆಂದ ಇದೆ ಅಂತ ಎಲ್ಲರನ್ನೂ ಒಂದೇ ವಾರಕ್ಕೆ ಮನೆಗೆ ಕಳಿಸೋಕಾಗಲ್ಲ. ಮದ್ಯ ಏಕಾಏಕಿ ನಿಲ್ಲಿಸಿದಾಗ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಸನ್ನಿ ಹಿಡಿಯಬಹುದು. ಗೊಂದಲ, ಭ್ರಮೆ, ಜ್ವರ, ಎದೆಬಡಿತ. ಚಿಕಿತ್ಸೆ ಇಲ್ಲದಿದ್ದರೆ ಜೀವ ಹೋಗಬಹುದು. ಹಿಂದೆ ಫಿಟ್ಸ್ ಬಂದಿದ್ದವರು, ಸನ್ನಿ ಆಗಿದ್ದವರು, ಲಿವರ್ ಕೆಟ್ಟವರು, ಗರ್ಭಿಣಿಯರು, ಮನೆಯಲ್ಲಿ ನೋಡ್ಕೊಳ್ಳೋರೇ ಇಲ್ಲದವರು, ಇವರಿಗೆಲ್ಲ ಹಾಸಿಗೆಯೇ ಬೇಕು.

ಹಾಗಾಗಿ ಬಾಗಿಲಲ್ಲೇ ವಿಂಗಡಣೆ ಬೇಕು, ಅದು ದಾಖಲಾಗಲೂ ಬೇಕು. ಕಡತ_ಕೋಣೆಯವರೇ, ನಿಮ್ಮ ರಿಜಿಸ್ಟರಲ್ಲಿ 'ಹಿಂದೆ ಫಿಟ್ಸ್ ಬಂದಿತ್ತೇ' ಅನ್ನೋ ಕಾಲಂ ಇದೆಯಾ?

ಕಡತ_ಕೋಣೆ:
ಇಲ್ಲ ಡಾಕ್ಟ್ರೇ. ಕೇಸ್ ಶೀಟಲ್ಲಿ ಇರುತ್ತೆ, ರಿಜಿಸ್ಟರಿಗೆ ಬರಲ್ಲ.

ವಾರ್ಡ್_ಡಾಕ್ಟರ್:
ಅದನ್ನ ಮೊದಲು ತನ್ನಿ. ಎಷ್ಟು ಜನಕ್ಕೆ ನಿಜಕ್ಕೂ ವೈದ್ಯರ ಕಣ್ಗಾವಲಲ್ಲಿ ಹಾಸಿಗೆ ಬೇಕು ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಮಾಹಿತಿ ಇಲ್ಲ.

ಸಮಾಜಕಾರ್ಯ_ವಿದ್ಯಾರ್ಥಿನಿ:
ವಿಂಗಡಣೆಗೆ ಕುಡಿತದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಅನ್ನೋ ಪ್ರಶ್ನಾವಳಿ ಸಾಕಲ್ವಾ? 10 ಪ್ರಶ್ನೆ, ಒಟ್ಟು 40 ಅಂಕ, 8 ಅಥವಾ ಅದಕ್ಕಿಂತ ಹೆಚ್ಚು ಬಂದ್ರೆ ಅಪಾಯಕಾರಿ ಕುಡಿತ. ಬೇರೆ ವಸ್ತುಗಳಿಗೆ ಅಸಿಸ್ಟ್ ಅನ್ನೋದು ಇದೆ, 8 ಪ್ರಶ್ನೆ.

ವಾರ್ಡ್_ಡಾಕ್ಟರ್:
ಅವು ಯಾರಿಗೆ ಸಮಸ್ಯೆ ಇರಬಹುದು ಅಂತ ಹೊರಗಿನ ಜನರಲ್ಲಿ ಸೋಸೋಕೆ. ಸಾಮಾನ್ಯ ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲಿ ಬಹಳ ಉಪಯೋಗ. ನಿಮ್ಮ ಬಾಗಿಲಿಗೆ ಬಂದವರ ಹಿಂತೆಗೆತ ಎಷ್ಟು ತೀವ್ರ ಅಂತ ಅದು ಹೇಳಲ್ಲ.

ಹಳೇ_ಕೌನ್ಸೆಲರ್:
ಪ್ರಶ್ನಾವಳಿ ಯಾವುದೇ ಇರಲಿ, ಯಾರೆದುರು ಕೇಳ್ತೀರಿ ಅನ್ನೋದು ನೋಡ್ಕೊಳ್ಳಿ. ಅಮ್ಮ ಪಕ್ಕದ ಕುರ್ಚಿಯಲ್ಲಿ ಕೂತು 'ಹೇಳೋ, ನಿಜ ಹೇಳೋ' ಅಂತ ತಿವೀತಿದ್ರೆ ಆ ಹುಡುಗ ಏನು ಹೇಳ್ತಾನೆ? 'ವಾರಕ್ಕೊಮ್ಮೆ ಬಿಯರ್ ಅಷ್ಟೇ.' ಅಮ್ಮನ್ನ ಟೀ ಕುಡಿದು ಬನ್ನಿ ಅಂತ ಕಳಿಸಿ, ಅದೇ ಪ್ರಶ್ನೆ ಮತ್ತೆ ಕೇಳಿದಾಗ ಅವನು ತೋಳು ಮಡಚಿ ಸೂಜಿ ಚುಚ್ಚಿದ ಗುರುತು ತೋರಿಸಿದ್ದನ್ನ ನಾನೇ ನೋಡಿದ್ದೀನಿ. ಮೊದಲ ಉತ್ತರ ಫಾರಂನಲ್ಲಿ ಉಳಿದಿದ್ರೆ ಅವನಿಗೆ ಎಚ್‌ಐವಿ ಪರೀಕ್ಷೆಯೂ ಆಗ್ತಿರಲಿಲ್ಲ, ಹೆಪಟೈಟಿಸ್ ಸಿ ಪರೀಕ್ಷೆಯೂ ಆಗ್ತಿರಲಿಲ್ಲ. ನಿಮ್ಮ ಯೋಜನೆಯಲ್ಲೂ ಅವನು ಬಿಯರ್ ಕುಡಿಯೋ ಹುಡುಗ ಆಗಿಯೇ ಇರ್ತಿದ್ದ.

ಮರಳಿ_ಬಂದವನು:
ಇದು ನೂರಕ್ಕೆ ನೂರು ನಿಜ. ನಾನೂ ಆ ಕುರ್ಚಿಯಲ್ಲಿ ಕೂತವನು. ಇನ್ನೊಂದು ಮಾತು, ಕೊಟ್ಟ ಮಾಹಿತಿ ಪೊಲೀಸರಿಗೆ ಹೋಗುತ್ತೆ ಅನ್ನೋ ಅನುಮಾನ ಒಂದು ಸಲ ಬಂತು ಅಂದ್ರೆ ಮುಗೀತು. ಯಾರೂ ಸರಿಯಾದ ಹೆಸರು ಕೊಡಲ್ಲ, ಅರ್ಧ ಜನ ಬರೋದೇ ನಿಲ್ಲಿಸ್ತಾರೆ. ಗುರುತಿನ ಚೀಟಿ ಕಡ್ಡಾಯ ಮಾಡಿ ಅಂತ ಯಾರಾದ್ರೂ ಸಲಹೆ ಕೊಟ್ರೆ ಒಪ್ಪಬೇಡಿ.

ಡೇಟಾ_ಕೆಲಸ:
ಗುರುತಿನ ಚೀಟಿ ಇಲ್ಲದೆ ಒಬ್ಬರನ್ನ ಒಂದೇ ಸಲ ಎಣಿಸೋದು ಹೇಗೆ ಸ್ವಾಮಿ? ಎರಡೂ ಬೇಕು ಅಂದ್ರೆ ಆಗಲ್ಲ.

ಅಂಕಿಅಂಶ_ಪ್ರಿಯ:
ಆಗುತ್ತೆ. ಹೆಸರಿನ ಕೆಲವು ಅಕ್ಷರ, ತಾಯಿಯ ಹೆಸರಿನ ಕೆಲವು ಅಕ್ಷರ, ಹುಟ್ಟಿದ ದಿನಾಂಕ, ಲಿಂಗ, ಇಷ್ಟು ಸೇರಿಸಿ ಒಂದು ಸಂಕೇತ ಮಾಡ್ತಾರೆ. ಎಚ್‌ಐವಿ ಕೆಲಸದಲ್ಲಿ ಇದು ಬಹಳ ಕಡೆ ನಡೆದು ಬಂದಿದೆ. ವಿಶ್ಲೇಷಣೆ ಮಾಡುವವರ ಕೈಗೆ ಆ ಸಂಕೇತ ಮಾತ್ರ ಹೋಗಬೇಕು, ಹೆಸರು ಚಿಕಿತ್ಸಾ ಕೋಣೆಯ ಬೀರು ಬಿಟ್ಟು ಹೊರಗೆ ಬರಬಾರದು.

ಡೇಟಾ_ಕೆಲಸ:
ಹುಟ್ಟಿದ ದಿನಾಂಕವೇ ಗೊತ್ತಿಲ್ಲದವರು? ಜನವರಿ 1 ಅಂತ ಬರೆಸಿರೋರ ಸಾಲೇ ಇರುತ್ತೆ. ಇಬ್ಬರಿಗೆ ಒಂದೇ ಸಂಕೇತ ಬಂದುಬಿಡುತ್ತೆ. ಸಣ್ಣ ಊರಲ್ಲಿ ವಯಸ್ಸು, ಲಿಂಗ, ವಸ್ತು ಮೂರು ಹೇಳಿದ್ರೆ ಸಾಕು, ಯಾರು ಅಂತ ಎಲ್ಲರಿಗೂ ತಿಳಿಯುತ್ತೆ, ಸಂಕೇತ ಇದ್ದೂ ಪ್ರಯೋಜನ ಇಲ್ಲ.

ಅಂಕಿಅಂಶ_ಪ್ರಿಯ:
ಎರಡೂ ಸರಿಯಾದ ಆಕ್ಷೇಪ. ಅದಕ್ಕೇ ವರದಿಯಲ್ಲಿ ಐದಕ್ಕಿಂತ ಕಡಿಮೆ ಜನ ಇರೋ ಕೋಷ್ಟಕದ ಚೌಕವನ್ನ ಬಿಡಿಸಿ ತೋರಿಸದೆ, ಪಕ್ಕದ ಗುಂಪಿಗೆ ಸೇರಿಸೋ ಪದ್ಧತಿ ಇದೆ. ಜನವರಿ 1ರ ತೊಂದರೆಗೆ ತಾಯಿಯ ಹೆಸರಿನ ಅಕ್ಷರ ಹೆಚ್ಚು ತಗೊಳ್ಳಿ. ಪೂರ್ತಿ ಪರಿಹಾರ ಅಲ್ಲ, ಆದರೆ ಈಗಿನ ರಿಜಿಸ್ಟರಿಗಿಂತ ಎಷ್ಟೋ ವಾಸಿ.

ಹೊಸ_ಸದಸ್ಯ:
ಕೊಳಚೆ ನೀರು ಪರೀಕ್ಷೆ ಮಾಡಿ ಊರಲ್ಲಿ ಎಷ್ಟು ಡ್ರಗ್ಸ್ ಬಳಕೆ ಇದೆ ಅಂತ ಹೇಳ್ತಾರಂತಲ್ಲ, ನಿಜವಾ?

ಡೇಟಾ_ಕೆಲಸ:
ನಿಜ. ಯೂರೋಪಿನ ನಗರಗಳಲ್ಲಿ 2011ರಿಂದ ನಡೀತಿದೆ. ಕೊಕೇನ್ ಮೈಯಲ್ಲಿ ಜೀರ್ಣವಾಗಿ ಮೂತ್ರದಲ್ಲಿ ಬರೋ ಪದಾರ್ಥವನ್ನ ಅಳೀತಾರೆ. ವಾರದ ಯಾವ ದಿನ ಜಾಸ್ತಿ ಅನ್ನೋದೂ ತಿಳಿಯುತ್ತೆ.

ರಾತ್ರಿಪಾಳಿ:
ಎಷ್ಟು ಪದಾರ್ಥ ಅಂತ ತಿಳಿಯುತ್ತೆ, ಎಷ್ಟು ಜನ ಅಂತ ತಿಳಿಯುತ್ತಾ? ಹತ್ತು ಜನ ಅಪರೂಪಕ್ಕೆ ಬಳಸಿದ್ದೋ ಒಬ್ಬ ದಿನಾ ಬಳಸಿದ್ದೋ? ನನಗೆ ಬೇಕಾಗಿರೋದು ಆ ಒಬ್ಬ.

ಡೇಟಾ_ಕೆಲಸ:
ಅದು ತಿಳಿಯಲ್ಲ, ಒಪ್ತೀನಿ. ಹೊಸ ವಸ್ತು ಬಂತು ಅನ್ನೋ ಮುನ್ಸೂಚನೆಗೆ ಚೆನ್ನಾಗಿದೆ, ಹಾಸಿಗೆ ಲೆಕ್ಕಕ್ಕೆ ಆಗಲ್ಲ.

ಕಡತ_ಕೋಣೆ:
ಚರ್ಚೆ ಚೆನ್ನಾಗಿ ಹೋಗ್ತಿದೆ. ಆದರೆ ಬಾಗಿಲಿಗೇ ಬಾರದವರನ್ನ ಎಣಿಸೋದು ಹೇಗೆ? ಮೇಲಿನವರು ಕೇಳೋ ಮೊದಲ ಪ್ರಶ್ನೆ ಅದೇ: 'ಒಟ್ಟು ಎಷ್ಟು ಜನ ಇದ್ದಾರೆ?'

ಅಂಕಿಅಂಶ_ಪ್ರಿಯ:
ಮನೆಮನೆ ಸಮೀಕ್ಷೆಯಲ್ಲಿ ಮದ್ಯದ ಬಗ್ಗೆ ಒಂದು ಅಂದಾಜು ಸಿಗುತ್ತೆ. ಹೆರಾಯಿನ್, ಸೂಜಿ ಚುಚ್ಚಿಕೊಳ್ಳೋದು ಇಂಥವಕ್ಕೆ ಸಿಗಲ್ಲ. ಒಂದು, ಅವರು ಕಡಿಮೆ ಜನ. ಎರಡು, ಮನೆಯಲ್ಲಿ ಇರಲ್ಲ. ಮೂರು, ಹೇಳಲ್ಲ. ಹಾಗಾಗಿ ಎರಡು ಪಟ್ಟಿ ಹೋಲಿಸೋ ಪದ್ಧತಿ ಇದೆ. ಚಿಕಿತ್ಸಾ ಕೇಂದ್ರದ ಪಟ್ಟಿಯಲ್ಲಿ 200 ಜನ, ಸೂಜಿ ವಿನಿಮಯ ಕೇಂದ್ರದ (ಬಳಸಿದ ಸೂಜಿ ತಗೊಂಡು ಹೊಸದು ಕೊಡೋ ಜಾಗ) ಪಟ್ಟಿಯಲ್ಲಿ 150 ಜನ, ಎರಡರಲ್ಲೂ ಇರೋರು 30 ಅಂತಿಟ್ಕೊಳ್ಳಿ. 200 ಗುಣಿಸು 150, ಭಾಗಿಸು 30. ಒಟ್ಟು ಸುಮಾರು 1000 ಜನ. ಎರಡೂ ಪಟ್ಟಿ ಸೇರಿ ನಿಮಗೆ ಕಂಡವರು 320, ಕಾಣದವರು 680. ಕೆರೆಯಲ್ಲಿ ಮೀನು ಹಿಡಿದು ಗುರುತು ಹಾಕಿ ಬಿಟ್ಟು, ಮತ್ತೆ ಬಲೆ ಬೀಸಿದಾಗ ಗುರುತಿನ ಮೀನು ಎಷ್ಟು ಸಿಕ್ಕಿತು ಅಂತ ನೋಡೋ ಹಾಗೆ.

ಹಳೇ_ಕೌನ್ಸೆಲರ್:
ಈ ಲೆಕ್ಕ ಬಹಳ ಸಲ ಕೇಳಿದ್ದೀನಿ, ಬಹಳ ಸಲ ದಾರಿ ತಪ್ಪಿದ್ದೂ ನೋಡಿದ್ದೀನಿ. ಸೂಜಿ ಕೇಂದ್ರದವರೇ ಜನರನ್ನ ಚಿಕಿತ್ಸೆಗೆ ಕಳಿಸ್ತಾರಲ್ಲ! ಎರಡೂ ಪಟ್ಟಿಯಲ್ಲಿ ಇರೋರು ಜಾಸ್ತಿ ಆಗ್ತಾರೆ, ಒಟ್ಟು ಅಂದಾಜು ಕಡಿಮೆ ಬರುತ್ತೆ. ಜೈಲಿನ ಪಟ್ಟಿ ತಗೊಂಡ್ರೆ ಉಲ್ಟಾ. ಒಳಗಿರೋನು ನಿಮ್ಮಲ್ಲಿಗೆ ಬರೋಕಾಗಲ್ಲ, ಅಂದಾಜು ಉಬ್ಬುತ್ತೆ.

ಅಂಕಿಅಂಶ_ಪ್ರಿಯ:
ಅದಕ್ಕೇ ಮೂರನೇ ಪಟ್ಟಿ ತಗೊಳ್ಳೋದು. ಮೂರಿದ್ರೆ ಪಟ್ಟಿಗಳ ನಡುವಿನ ಒಳಸಂಬಂಧ ಸ್ವಲ್ಪಮಟ್ಟಿಗೆ ಲೆಕ್ಕಕ್ಕೆ ಸಿಗುತ್ತೆ. ಒಂದೇ ಅಂಕಿ ಬರೆಯದೆ, ಇಷ್ಟರಿಂದ ಇಷ್ಟರವರೆಗೆ ಅಂತ ವ್ಯಾಪ್ತಿ ಬರೆಯಿರಿ.

ಹಳೇ_ಕೌನ್ಸೆಲರ್:
ವ್ಯಾಪ್ತಿ ಬರೆದ್ರೆ ಮೇಲಿನವರು ಕೆಳಗಿನ ಅಂಕಿಯನ್ನೇ ಆರಿಸ್ಕೋತಾರೆ. ಅನುಭವದ ಮಾತು.

ಸಮಾಜಕಾರ್ಯ_ವಿದ್ಯಾರ್ಥಿನಿ:
ಬಾರದವರ ವಿಷಯಕ್ಕೆ ಜಾಗತಿಕ ಅಂಕಿ ಇದೆ. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿಯ 2024ರ ವರದಿ ಪ್ರಕಾರ ಮಾದಕ ವಸ್ತು ಬಳಕೆಯ ಕಾಯಿಲೆ ಇರೋರು ಜಗತ್ತಲ್ಲಿ ಸುಮಾರು 6.4 ಕೋಟಿ. ಅವರಲ್ಲಿ ಚಿಕಿತ್ಸೆ ಸಿಗ್ತಿರೋದು 11ರಲ್ಲಿ ಒಬ್ಬರಿಗೆ. ಗಂಡಸರಲ್ಲಿ 7ಕ್ಕೆ ಒಬ್ಬರು, ಹೆಂಗಸರಲ್ಲಿ 18ಕ್ಕೆ ಒಬ್ಬರು. ಇದರಲ್ಲಿ ಮದ್ಯ ಸೇರಿಲ್ಲ.

ತಂಗಿಯ_ಅಣ್ಣ:
18ಕ್ಕೆ ಒಬ್ಬರು. ಆ ಅಂಕಿಯನ್ನ ಎರಡು ಸಲ ಓದಿದೆ.

ನನ್ನ ತಂಗಿಯ ವಿಷಯ ಹೇಳಿಬಿಡ್ತೀನಿ. ಕೊನೆಗೆ ಹಾಸಿಗೆ ಸಿಕ್ಕಾಗ ಮಗು ಜೊತೆ ಒಳಗೆ ಬಿಡಲ್ಲ ಅಂದ್ರು. ಎದೆಹಾಲು ಕುಡಿಯೋ ಮಗು. ಗಂಡನ ಮನೆಯವರಿಗೆ ಗೊತ್ತಾದ್ರೆ ಮಗುವನ್ನ ಕಿತ್ಕೋತಾರೆ ಅನ್ನೋ ಭಯ ಬೇರೆ. ಅವಳು ಬಾಗಿಲವರೆಗೂ ಬಂದು ವಾಪಸ್ ಹೋದಳು. ನಿಮ್ಮ ರಿಜಿಸ್ಟರಲ್ಲಿ ಅವಳ ಹೆಸರೇ ಇರಲ್ಲ, ಯಾಕಂದ್ರೆ ದಾಖಲೇ ಆಗಿಲ್ಲ. ಹಿಂಗೆ ವಾಪಸ್ ಹೋದವರನ್ನ ಯಾರು ಬರೀತಾರೆ?

ಕಡತ_ಕೋಣೆ:
ಯಾರೂ ಬರೀತಿಲ್ಲ. ನಾಳೆಯಿಂದ ಬರೀತೀನಿ. ಮುಂಬಾಗಿಲ ಮೇಜಿನ ಮೇಲೆ ಒಂದು ಪುಸ್ತಕ: ವಿಚಾರಿಸಿದವರು, ಯಾವ ಸೇವೆ ಕೇಳಿದ್ರು, ಯಾಕೆ ಸೇರಲಿಲ್ಲ. ಹೆಸರು ಬೇಡ.

ರಾತ್ರಿಪಾಳಿ:
ಫೋನಲ್ಲಿ ಕೇಳಿದವರನ್ನೂ ಸೇರಿಸಿ. ರಾತ್ರಿ ಹನ್ನೊಂದರ ಮೇಲೆ ಬರೋ ಕರೆಗಳು ಬಹುತೇಕ ಹೆಂಗಸರದ್ದೇ.

ಹೊಸ_ಸದಸ್ಯ:
ಕೊನೆಗೆ ಎಷ್ಟು ಜನ ಪೂರ್ತಿ ಬಿಟ್ರು ಅನ್ನೋ ಶೇಕಡಾವಾರು ತಾನೇ ಮುಖ್ಯ? ಅದನ್ನ ಪ್ರಕಟಿಸಿ, ಒಳ್ಳೆ ಕೇಂದ್ರ ಯಾವುದು ಅಂತ ಜನಕ್ಕೆ ಗೊತ್ತಾಗಲಿ. ಹಣವನ್ನೂ ಅದರ ಮೇಲೇ ಕೊಡಲಿ.

ಮರಳಿ_ಬಂದವನು:
ದಯವಿಟ್ಟು ಬೇಡ. ಆ ಶೇಕಡಾವಾರಿನ ಮೇಲೆ ಹಣ ಬರೋ ಹಾಗೆ ಮಾಡಿದ್ರೆ ನನ್ನಂಥವನನ್ನ ಯಾವ ಕೇಂದ್ರವೂ ಸೇರಿಸ್ಕೊಳ್ಳಲ್ಲ. ಮನೆ ಇಲ್ಲದವನು, ಜೈಲಿಂದ ಬಂದವನು, ಹಿಂದೆ ಹಲವು ಸಲ ಬಿದ್ದವನು, ಇವನು ಅಂಕಿ ಕೆಡಿಸ್ತಾನೆ ಅಂತ ಹೊರಗೇ ನಿಲ್ಲಿಸ್ತಾರೆ. ಕೆಲಸ, ಮನೆ, ಹೆಂಡತಿ ಎಲ್ಲಾ ಇರೋರನ್ನ ಆರಿಸಿ ತಗೊಂಡು ನಮ್ಮದು ಅತ್ಯುತ್ತಮ ಕೇಂದ್ರ ಅಂತಾರೆ.

ವಾರ್ಡ್_ಡಾಕ್ಟರ್:
ಇದಕ್ಕೆ ನನ್ನದೊಂದು ಸೇರಿಸ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಓದಿ.

ಓಪಿಯಾಯ್ಡ್, ಅಂದ್ರೆ ಹೆರಾಯಿನ್, ಅಫೀಮಿನಂಥ ವಸ್ತುಗಳ ವಿಷಯದಲ್ಲಿ 'ಎಲ್ಲಾ ಔಷಧಿ ಬಿಟ್ಟು ಹೋದರು' ಅನ್ನೋದನ್ನೇ ಯಶಸ್ಸು ಅಂತ ಎಣಿಸೋದು ಅಪಾಯ. ಇವರಿಗೆ ಚಿಕಿತ್ಸೆಯಾಗಿ ಕೊಡೋ ಮೆಥಡೋನ್ ಮತ್ತು ಬ್ಯುಪ್ರಿನಾರ್ಫಿನ್ ಅನ್ನೋ ಬದಲಿ ಔಷಧಿಗಳು 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಲವು ಅಧ್ಯಯನಗಳನ್ನ ಒಟ್ಟುಗೂಡಿಸಿದ ವಿಶ್ಲೇಷಣೆ ಬಂತು. ಮೆಥಡೋನ್ ಚಿಕಿತ್ಸೆಯಲ್ಲಿ ಇದ್ದಾಗ ವರ್ಷಕ್ಕೆ 1000 ಜನರಲ್ಲಿ ಸಾವು ಸುಮಾರು 11, ಚಿಕಿತ್ಸೆಯಿಂದ ಹೊರಗಿದ್ದಾಗ ಸುಮಾರು 36. ಬ್ಯುಪ್ರಿನಾರ್ಫಿನ್‌ನಲ್ಲಿ 4ರ ಆಸುಪಾಸು, ಹೊರಗೆ 9ರಿಂದ 10. ಬಿಟ್ಟುಹೋದ ಮೊದಲ ಕೆಲವು ವಾರಗಳೇ ಅತಿ ಕೆಟ್ಟವು. ದೇಹ ಸಹಿಸೋ ಶಕ್ತಿ ಇಳಿದಿರುತ್ತೆ, ಹಳೆ ಪ್ರಮಾಣವನ್ನೇ ಮತ್ತೆ ತಗೋತಾರೆ, ಉಸಿರು ನಿಲ್ಲುತ್ತೆ. ಜೈಲಿಂದ ಬಿಡುಗಡೆಯಾದ ಮೊದಲ ಎರಡು ವಾರವೂ ಹೀಗೇ.

ಅಂದ್ರೆ ಬರೀ ನಿರ್ವಿಷೀಕರಣ (ಮೈಯಿಂದ ವಸ್ತು ಇಳಿಸೋದು) ಮಾಡಿ, ಮುಂದಿನ ಚಿಕಿತ್ಸೆಗೆ ಜೋಡಿಸದೆ ಕಳಿಸೋ ಹಾಸಿಗೆ ಓಪಿಯಾಯ್ಡ್ ರೋಗಿಯ ಅಪಾಯವನ್ನ ಹೆಚ್ಚಿಸುತ್ತೆ. ಮೂರು ವರ್ಷದ ಯೋಜನೆಯಲ್ಲಿ ಹಾಸಿಗೆ ಹೆಚ್ಚಿಸಿ, ಹೊರರೋಗಿ ಔಷಧಿ ಸೇವೆ ಹೆಚ್ಚಿಸದಿದ್ರೆ ಸಾವು ಹೆಚ್ಚಾಗಬಹುದು. ರಿಜಿಸ್ಟರಲ್ಲಿ ಮಾತ್ರ ಅದು 'ಚಿಕಿತ್ಸೆ ಪೂರ್ಣ' ಅಂತ ಕಾಣುತ್ತೆ.

ಕಡತ_ಕೋಣೆ:
ಇದನ್ನ ಮೇಲಿನವರ ಮುಂದೆ ಇದೇ ಮಾತಲ್ಲಿ ಇಡ್ತೀನಿ. ಹಾಗಾದ್ರೆ ಯಶಸ್ಸು ಅಂತ ಏನು ಅಳೀಬೇಕು?

ವಾರ್ಡ್_ಡಾಕ್ಟರ್:
ಮೂರು ತಿಂಗಳಾದ ಮೇಲೆ ಇನ್ನೂ ಸಂಪರ್ಕದಲ್ಲಿದ್ದಾರಾ? ಆರು ತಿಂಗಳು? ಒಳರೋಗಿಯಾಗಿದ್ದವರು ಬಿಡುಗಡೆಯಾದ ಒಂದು ವಾರದೊಳಗೆ ಹೊರರೋಗಿ ವಿಭಾಗಕ್ಕೆ ಬಂದ್ರಾ? ಕಳೆದ ನಾಲ್ಕು ವಾರದಲ್ಲಿ ಎಷ್ಟು ದಿನ ಬಳಸಿದ್ರು? ಬದುಕಿದ್ದಾರಾ? ಈ ಕೊನೆಯದನ್ನ ಯಾರೂ ಕೇಳಲ್ಲ.

ಅಂಕಿಅಂಶ_ಪ್ರಿಯ:
ಕಳೆದ ನಾಲ್ಕು ವಾರದ ಪ್ರಶ್ನೆ ಇಂಗ್ಲೆಂಡಿನ ಚಿಕಿತ್ಸಾ ಫಲಿತಾಂಶ ನಮೂನೆಯಲ್ಲೂ ಇದೆ, 2007ರಲ್ಲಿ ತಂದದ್ದು. ಒಂದು ಹಾಳೆ ಅಷ್ಟೇ. ಬಳಕೆ, ಸೂಜಿ ಹಂಚಿಕೆ, ಅಪರಾಧ, ಆರೋಗ್ಯ, ಮನೆ, ಕೆಲಸ. ಶುರುವಿನಲ್ಲಿ, ಮಧ್ಯೆ, ಕೊನೆಗೆ ಅದೇ ಪ್ರಶ್ನೆ ಕೇಳಿದ್ರೆ ಬದಲಾವಣೆ ಕಣ್ಣಿಗೆ ಕಾಣುತ್ತೆ. ಪೂರ್ತಿ ಬಿಡದೆ ಇದ್ರೂ 28 ದಿನದಲ್ಲಿ 26 ದಿನ ಕುಡೀತಿದ್ದವರು 5 ದಿನಕ್ಕೆ ಇಳಿದ್ರೆ ಅದು ಲೆಕ್ಕಕ್ಕೆ ಬರುತ್ತೆ.

ಹೊಸ_ಸದಸ್ಯ:
5 ದಿನ ಕುಡಿದ್ರೂ ಯಶಸ್ಸಾ? ಒಪ್ಪೋಕೆ ಕಷ್ಟ.

ಮರಳಿ_ಬಂದವನು:
ಆ 21 ದಿನ ಮನೆಯಲ್ಲಿ ಏಟು ತಿನ್ನದೆ ಇದ್ದ ಹೆಂಡತಿಯನ್ನ ಕೇಳಿ ನೋಡಿ.

ರಾತ್ರಿಪಾಳಿ:
ಫಾರಂ ಸೇರಿಸ್ತಾ ಹೋಗ್ತಿದ್ದೀರಿ ಎಲ್ಲರೂ. ತುಂಬೋದು ಯಾರು? ವಾರ್ಡಲ್ಲಿ ಒಬ್ಬರು ನಡುಗ್ತಾ ಇರ್ತಾರೆ, ಇನ್ನೊಬ್ಬರು ವಾಂತಿ ಮಾಡ್ಕೋತಿರ್ತಾರೆ, ಆಗ ನಾಲ್ಕು ಪುಟ ಬರೀಬೇಕು ಅಂದ್ರೆ ಕಾರಣದ ಕಾಲಂನಲ್ಲಿ 'ಇತರೆ' ಅಂತಲೇ ಬರೋದು. ಅದು ಸೋಮಾರಿತನ ಅಲ್ಲ. ನಾವು ತುಂಬಿದ ಫಾರಂ ಮತ್ತೆ ಯಾವತ್ತೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಎಲ್ಲಿಗೆ ಹೋಯ್ತು, ಯಾರು ಓದಿದ್ರು, ಏನು ಬದಲಾಯ್ತು, ಒಂದೂ ಗೊತ್ತಿಲ್ಲ.

ಹಳೇ_ಕೌನ್ಸೆಲರ್:
ಇಡೀ ಚರ್ಚೆಯಲ್ಲಿ ಕಡತ_ಕೋಣೆಯವರು ಮೊದಲು ಕಿವಿಗೊಡಬೇಕಾದ ಮಾತು ಇದು. ಒಂದು ಕಾಲಂ ಸೇರಿಸಿದ್ರೆ ಒಂದು ಕಾಲಂ ತೆಗೀರಿ. ತಿಂಗಳಿಗೊಮ್ಮೆ ಒಂದು ಪುಟದ ಪಟ್ಟಿ ವಾರ್ಡಿನ ಗೋಡೆಗೆ ಅಂಟಿಸಿ: ಎಷ್ಟು ಜನ ಬಂದ್ರು, ಎಷ್ಟು ಜನ ಮೊದಲ ಮೂರು ದಿನದಲ್ಲೇ ಎದ್ದು ಹೋದ್ರು, ಯಾಕೆ. ಮೊದಲ ಮೂರು ದಿನದಲ್ಲಿ ಹೋಗೋರು ಬಹುಪಾಲು ನೋವು, ನಿದ್ದೆ ಇಲ್ಲದಿರೋದು, ಔಷಧಿ ಕಡಿಮೆ ಆಗಿರೋದು ಈ ಕಾರಣಕ್ಕೇ ಹೋಗ್ತಾರೆ. ಅದು ಕಂಡ್ರೆ ಡಾಕ್ಟರು ಆ ವಾರವೇ ಸರಿಮಾಡಬಹುದು, ಮೂರು ವರ್ಷ ಕಾಯಬೇಕಿಲ್ಲ.

ಡೇಟಾ_ಕೆಲಸ:
'ಇತರೆ' ಆಯ್ಕೆಯನ್ನೇ ತೆಗೆದುಬಿಡಿ. ಆರು ಕಾರಣ ಕೊಡಿ, ಒಂದಕ್ಕೆ ಗುರುತು ಹಾಕಲಿ.

ರಾತ್ರಿಪಾಳಿ:
ಆಗ ಮೊದಲನೇದಕ್ಕೇ ಗುರುತು ಹಾಕ್ತಾರೆ. 'ಇತರೆ' ಇರಲಿ, ಪಕ್ಕದಲ್ಲಿ ನಾಲ್ಕು ಪದ ಬರೆಯೋಕೆ ಜಾಗ ಬಿಡಿ. 'ಮಗಳಿಗೆ ಜ್ವರ ಅಂತ ಫೋನ್ ಬಂತು.' ಇಷ್ಟು ಬರೆಯೋಕೆ ನಮಗೆ ಬೇಸರ ಇಲ್ಲ.

ಕಡತ_ಕೋಣೆ:
ಆಗಲಿ, ಜಾಗ ಬಿಡ್ತೀನಿ. ಈ ವಾರ ಮಾಡೋದು ಇಷ್ಟು. ಹಳೆ ರಿಜಿಸ್ಟರಿಂದ ಒಂದು ವರ್ಷದ್ದು ತೆಗೆದು ವ್ಯಕ್ತಿಗಳ ಲೆಕ್ಕ. ಕೇಸ್ ಶೀಟಿಂದ ಫಿಟ್ಸ್, ಸನ್ನಿ ಇತಿಹಾಸ ಇದ್ದವರ ಲೆಕ್ಕ, ಅದರ ಮೇಲೆ ಹಾಸಿಗೆ. ವಾಪಸ್ ಹೋದವರ ಪುಸ್ತಕ. ಸ್ಥಳೀಯ ಒಟ್ಟು ಅಂದಾಜನ್ನ ಈ ವರ್ಷ ಕೈಬಿಡ್ತೀನಿ, ಎರಡನೇ ಪಟ್ಟಿ ಸಿಗೋವರೆಗೆ. ಒಂದು ಪ್ರಶ್ನೆ ಉಳೀತು. ಮೂರು ತಿಂಗಳ ಮೇಲೆ ಸಂಪರ್ಕ ಮಾಡೋದು ಹೇಗೆ? ಕರೆ ಮಾಡಿದ್ರೆ ಅರ್ಧ ನಂಬರ್ ಸ್ವಿಚ್ ಆಫ್.

ಮರಳಿ_ಬಂದವನು:
ನಾವು ಮೊದಲು ಮಾರೋದೇ ಫೋನು. ದಾಖಲಾದ ದಿನ ನಂಬರ್ ಕೇಳಬೇಡಿ, ಆಗ ಯಾರ ಮೇಲೂ ನಂಬಿಕೆ ಇರಲ್ಲ. ಬಿಡುಗಡೆಗೆ ಎರಡು ದಿನ ಮೊದಲು ಕೇಳಿ. ನಿನ್ನದಲ್ಲದೆ ಇನ್ನೊಬ್ಬರದು ಕೊಡು, ಯಾರ ನಂಬರ್ ಆದ್ರೆ ನಿನಗೆ ಅಡ್ಡಿಯಿಲ್ಲ ಅಂತ. ಕರೆ ಮಾಡಿದಾಗ ಯಾವ ಕೇಂದ್ರದಿಂದ ಅಂತ ಅವರಿಗೆ ಹೇಳಬಾರದು ಅಂದ್ರೆ ಅದನ್ನೂ ಬರೆದಿಟ್ಕೊಳ್ಳಿ.

ತಂಗಿಯ_ಅಣ್ಣ:
ಕರೆ ಮಾಡೋರು ಅವರನ್ನ ಮುಂಚೆ ನೋಡಿದವರೇ ಆಗಿರಲಿ. ಗುರುತಿಲ್ಲದ ದನಿ ಕೇಳಿದ್ರೆ ನನ್ನ ತಂಗಿ ಈಗಲೂ ಕಟ್ ಮಾಡ್ತಾಳೆ.

ರಾತ್ರಿಪಾಳಿ:
ನಮ್ಮಲ್ಲಿ ಆ ಕರೆಗಳನ್ನ ನಾನೇ ಮಾಡೋದು, ಸಂಜೆ ಪಾಳಿ ಶುರುವಾಗೋ ಮುಂಚೆ. ಕೇಳೋ ಕ್ರಮ ಬರೆದಿಟ್ಟಿದ್ದೀನಿ. ಮೊದಲು ನಿದ್ದೆ ಹೇಗಿದೆ ಅಂತ, ಬಳಕೆಯ ಪ್ರಶ್ನೆ ಕೊನೆಗೆ. ನಾಳೆ ಟೈಪ್ ಮಾಡಿ ಇಲ್ಲೇ ಹಾಕ್ತೀನಿ.